ಏಳನೇ ಕಲಮಿನ ಕೊನೆಯ ಸಾಲು

ಗದಗ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಪ್ಪತ್ತಮೂರು

ಪೂಜ್ಯ ಶೈಲಜಾ ಅಜ್ಜಿಯವರಿಗೆ, ನಿಮ್ಮ ಮಗಳ ಮೊಮ್ಮಗನ ಮೊಮ್ಮಗ ಚನ್ನವೀರ ಮಾಡುವ ನಮಸ್ಕಾರಗಳು.

ಮೊದಲಿಗೆ ತಾರೀಖಿನ ಬಗ್ಗೆ ಕ್ಷಮೆ ಇರಲಿ, ಅದು ಕೈತಪ್ಪಲ್ಲ. ನಮ್ಮ ಕಾಲದಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದಾರು ದಿನಗಳಿಗೆ ಹೆಸರೂ ಇಲ್ಲ, ಕಚೇರಿಯೂ ಇಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಎನಿಸಬಹುದು. ನೀವು ಡೀಪ್‌ಫೇಕ್ ಎಂದು ಕರೆಯುವುದನ್ನು ನಾವು ಸುಳ್ಳುಮೋರೆ ಎನ್ನುತ್ತೇವೆ. ಅದರಿಂದ ನೊಂದವರಿಗೆ ನ್ಯಾಯ ಕೊಡಿಸುವ ಕಾನೂನಿನ ಕರಡನ್ನು ನೀವು ಈಗ ಬರೆಯುತ್ತಿದ್ದೀರಿ. ನಾನು ಅದೇ ಕಾನೂನಿನಡಿ ನಡೆಯುವ ಗದಗಿನ ಮೋರೆ ಕಚೇರಿಯಲ್ಲಿ ಮೂವತ್ತೊಂದು ವರ್ಷಗಳಿಂದ ಶಿರಸ್ತೇದಾರ. ಆ ಕರಡಿನ ಒಂದು ಸಾಲನ್ನು ನೀವು ಹೊಡೆದುಹಾಕಬೇಕು ಎಂದು ಬೇಡಿಕೊಳ್ಳಲು ಈ ಕಾಗದ ಬರೆಯುತ್ತಿದ್ದೇನೆ. ಇದು ನಿಮಗೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ಕಳಿಸಿಕೊಡುವವರಿಗೇ ಅದು ಸರಿಯಾಗಿ ಗೊತ್ತಿಲ್ಲ.

ನಮ್ಮ ಊರನ್ನು ನೀವು ಗುರುತಿಸಲಾರಿರಿ. ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಈಗ ರೆಕ್ಕೆ ಇಲ್ಲ, ಕಂಬಗಳ ತುದಿಯಲ್ಲಿ ಹದ್ದುಗಳು ಗೂಡು ಕಟ್ಟಿವೆ. ಪರದೆಯ ಮೇಲೆ ಕಂಡದ್ದನ್ನು ನಾವು ನಂಬುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತೇವೆ. ಹುಟ್ಟು, ಸಾವು, ಮದುವೆ, ಯಾವ ಸುದ್ದಿಯೇ ಆಗಲಿ, ಕಣ್ಣಾರೆ ಕಂಡ ಒಬ್ಬ ಮನುಷ್ಯ ನಡೆದುಬಂದು ನಮ್ಮ ಕೈಹಿಡಿದು ಹೇಳಬೇಕು. ಇದಕ್ಕೆ ಕೈಮಾತು ಎಂದು ಹೆಸರು. ನನ್ನ ಸೋದರತ್ತೆ ತೀರಿಕೊಂಡಾಗ ಕೈಮಾತು ತರುವವನು ಕಾಲು ಉಳುಕಿಸಿಕೊಂಡು ಮೂರು ದಿನ ತಡಮಾಡಿದ. ಮಣ್ಣು ಮಾಡುವುದನ್ನು ಪರದೆಯಲ್ಲಿ ನೋಡಿದ್ದ ನನ್ನ ತಾಯಿ, ಅವನು ಬರುವವರೆಗೂ ಒಂದು ಹನಿ ಕಣ್ಣೀರು ಹಾಕಲಿಲ್ಲ. ದಿನಾ ಹೋಳಿಗೆ ಕೂಡ ಮಾಡಿದಳು. ಅಷ್ಟು ಕಟ್ಟುನಿಟ್ಟಿನ ಜನ ನಾವು. ಆದರೆ ಸಿಟ್ಟು ನೆತ್ತಿಗೇರಿದಾಗ ಮಾತ್ರ ಕೈಮಾತಿಗೆ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ಆಗ ಪರದೆ ತೋರಿಸಿದ್ದೇ ಸಾಕಾಗುತ್ತದೆ.

ನಿಮ್ಮ ಕಾನೂನಿನ ಬಗ್ಗೆ ನನಗೆ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ನೊಂದವರು ವಕೀಲರಿಲ್ಲದೆ ಬಂದು ಬಾಯಿಮಾತಿನಲ್ಲಿ ದೂರು ಕೊಟ್ಟರೂ ನಡೆಯುತ್ತದೆ. ದೂರು ಬಂದ ಒಂದು ತಾಸಿನೊಳಗೆ ಆ ದೃಶ್ಯವನ್ನು ಎಲ್ಲ ಪರದೆಗಳಿಂದ ಕಿತ್ತುಹಾಕಬೇಕು. ನಾವು ಇದನ್ನು ತಾಸಿನ ಅಪ್ಪಣೆ ಎನ್ನುತ್ತೇವೆ. ಅದು ಸುಳ್ಳು ಎಂದು ನೊಂದವರು ಸಾಬೀತು ಮಾಡಬೇಕಾಗಿಲ್ಲ, ಹರಡಿದವನೇ ಅದು ನಿಜವೆಂದು ಸಾಬೀತು ಮಾಡಬೇಕು. ಸುಳ್ಳುಮೋರೆ ಮಾಡಿದವನಿಗೆ ಜೈಲು. ಅದನ್ನು ಇನ್ನೊಬ್ಬರಿಗೆ ದಾಟಿಸಿದ ಪ್ರತಿಯೊಬ್ಬರೂ ಕಚೇರಿಗೆ ಖುದ್ದಾಗಿ ಬಂದು, ಚೊಂಬಿನಿಂದ ನೊಂದವರ ಬೊಗಸೆಗೆ ನೀರು ಹಾಕಬೇಕು. ಅವರು ಎಲ್ಲರೆದುರು ಮುಖ ತೊಳೆದುಕೊಂಡ ಮೇಲೆ ನಾನು ಎದ್ದುನಿಂತು, ಇದೇ ಇವರ ಮೋರೆ ಎಂದು ಸಾರುತ್ತೇನೆ. ಎಷ್ಟು ಜನ ಆ ನೀರಿನ ಜೊತೆ ಅತ್ತಿದ್ದನ್ನು ನೋಡಿದ್ದೇನೆ. ಇಷ್ಟು ಚಂದದ ಕಾನೂನು ಬರೆದ ನೀವೇ ಏಳನೇ ಕಲಮಿನ ಕೊನೆಗೆ ಈ ಸಾಲನ್ನೂ ಸೇರಿಸಿದಿರಿ: ‘ನೀರು ಹಾಕುವ ಮುನ್ನ ಡೀಪ್‌ಫೇಕ್ ದೃಶ್ಯವನ್ನು, ಅದನ್ನು ದಾಟಿಸಿದವರೆಲ್ಲರ ಎದುರು ಒಮ್ಮೆ ಪೂರ್ತಿಯಾಗಿ ಪ್ರದರ್ಶಿಸತಕ್ಕದ್ದು.’ ತಾನು ದಾಟಿಸಿದ್ದು ಬೇರೆ ಏನೋ ಎಂದು ಯಾರೂ ನುಣುಚಿಕೊಳ್ಳಬಾರದು ಎನ್ನುವುದು ನಿಮ್ಮ ಉದ್ದೇಶ ಎಂದು ಓದಿದ್ದೇನೆ. ಉದ್ದೇಶವೇನೋ ಒಳ್ಳೆಯದೇ.

ಬೆಟಗೇರಿಯಲ್ಲಿ ಫಕೀರವ್ವ ಎಂಬ ನೀರಗಂಟಿ ಇದ್ದಳು, ಓಣಿ ಓಣಿಗೆ ನೀರು ಬಿಡುವ ಕೆಲಸ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಅಲ್ಲಿ ವಾಂತಿಭೇದಿಯಾಗಿ ನಾಲ್ಕು ಮಕ್ಕಳು ತೀರಿಕೊಂಡವು. ಒಡೆದ ಪೈಪಿನೊಳಗೆ ಚರಂಡಿ ನೀರು ಸೇರಿತ್ತು ಎಂದು ಆಮೇಲೆ ಗೊತ್ತಾಯಿತು. ಆದರೆ ಅಷ್ಟರಲ್ಲಿ, ಆಕೆಯ ದೂರಿನಿಂದ ಕೆಲಸ ಕಳೆದುಕೊಂಡಿದ್ದ ಒಬ್ಬ, ಅವಳು ಟ್ಯಾಂಕಿನ ಮುಚ್ಚಳ ತೆಗೆದು ಸೀಸೆಯಿಂದ ವಿಷ ಸುರಿದು ನಗುವಂತೆ ಸುಳ್ಳುಮೋರೆ ಮಾಡಿ ಬಿಟ್ಟಿದ್ದ. ಇನ್ನೂರ ಹದಿನಾಲ್ಕು ಮಂದಿ ದಾಟಿಸಿದರು. ಗುಂಪು ಕಟ್ಟಿಕೊಂಡು ಬಂದವರು ಬಾಗಿಲು ಮುರಿದು, ಜುಟ್ಟು ಹಿಡಿದು ಅವಳನ್ನು ಟ್ಯಾಂಕಿನವರೆಗೆ ಎಳೆದೊಯ್ದರು. ನೀರು ಬಿಡುವ ಕಬ್ಬಿಣದ ಚಾವಿಯಿಂದಲೇ ಅವಳ ಬಲಗೈಯನ್ನು ಮೂರು ಕಡೆ ಮುರಿದರು. ಅವಳ ಮೇಲೆ ಬಿದ್ದು ಅಡ್ಡವಾದ ಗಂಡ ನಾಗಪ್ಪನ ತಲೆಯನ್ನು ಟ್ಯಾಂಕಿನ ಮೆಟ್ಟಿಲಿಗೆ ಜಜ್ಜಿದರು, ಅವನು ಅಲ್ಲೇ ಸತ್ತ. ಫಕೀರವ್ವ ಎಡಗೈಯಲ್ಲಿ ಹೆಬ್ಬೆಟ್ಟು ಒತ್ತಿ ದಾವೆ ಹೂಡಿದಳು. ಎಂಟು ತಿಂಗಳಲ್ಲಿ ಗೆದ್ದಳು.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಸಾಹೇಬ್ರ, ಅದನ್ನ ಮತ್ತ ಹಾಕಬ್ಯಾಡ್ರಿ. ಸುಳ್ಳು ಅಂತ ಬರದು ಕೊಟ್ಟೀರಲ್ಲ, ನನಗ ಅಷ್ಟ ಸಾಕ್ರಿ. ಈ ಮಂದಿ ಅದನ್ನ ಇನ್ನೊಮ್ಮಿ ನೋಡೂದು ಬ್ಯಾಡ್ರಿ” ಎಂದಳು. “ಕಲಮಿನಾಗ ಐತಿ ತಂಗಿ, ನನ್ನ ಕೈಯಾಗ ಏನೂ ಇಲ್ಲ” ಎಂದೆ. ಪ್ರದರ್ಶನದ ಹೊಣೆ ಶಿರಸ್ತೇದಾರನದು. ನ್ಯಾಯಾಧೀಶರ ಕಿವಿಗೆ ಹಾಕಿದ್ದರೆ ಅವರು ಏನಾದರೂ ದಾರಿ ಹುಡುಕುತ್ತಿದ್ದರೋ ಏನೋ. ನಾನು ಹಾಕಲಿಲ್ಲ.

ಇನ್ನೂರ ಹದಿನಾಲ್ಕು ಮಂದಿ ತಲೆ ತಗ್ಗಿಸಿ ಬಂದರು. ಮುಂದಿನ ಸಾಲಿನಲ್ಲಿ ಬಸವಂತಪ್ಪ ಇದ್ದ. ಸತ್ತ ನಾಲ್ಕು ಮಕ್ಕಳಲ್ಲಿ ಒಂದು ಅವನ ಮಗಳು. ಫಕೀರವ್ವನಿಗೆ ಕುರ್ಚಿ ತಂದುಕೊಟ್ಟವನು ಅವನೇ, ಮೊದಲು ನೀರು ಹಾಕಲು ಚೊಂಬು ತುಂಬಿಸಿಕೊಂಡು ನಿಂತವನೂ ಅವನೇ. ನಾನು ಗುಂಡಿ ಒತ್ತಿದೆ. ಗೋಡೆಯಷ್ಟು ದೊಡ್ಡ ಪರದೆ, ಮೂರೂವರೆ ನಿಮಿಷದ ದೃಶ್ಯ. ಅವಳು ಸೀಸೆ ಬಗ್ಗಿಸಿ ನಕ್ಕಾಗ ಬಸವಂತಪ್ಪ ಕಿರುಚಿದ: “ನಗತಾಳ ನೋಡ್ರೋ! ನನ್ನ ಕೂಸಿನ್ನ ತಿಂದು ನಗತಾಳ!” ತುಂಬಿದ ಚೊಂಬಿನಿಂದ ಅವಳ ಕಪಾಳದ ಮೇಲೆ ಹೊಡೆದ. ಕುರ್ಚಿ ಸಮೇತ ಉರುಳಿದಳು. ಆಮೇಲೆ ಹಿಂದಿನ ಸಾಲಿನವರು ಮುಂದೆ ನುಗ್ಗಿದರು, ತಮ್ಮ ತಮ್ಮ ಚೊಂಬುಗಳೊಂದಿಗೆ. ಇದ್ದ ಇಬ್ಬರು ಪೊಲೀಸರು ನೂಕುನುಗ್ಗಲಿನಲ್ಲಿ ಬಾಗಿಲಿಗೆ ಒತ್ತಿಹೋದರು. ಬಡಿತದ ಸದ್ದು ಮೊದಲು ಗಟ್ಟಿಯಾಗಿತ್ತು, ಆಮೇಲೆ ಮೆತ್ತಗಾಯಿತು. ಅವಳ ಎರಡು ಹಲ್ಲು ಉರುಳಿಬಂದು ನನ್ನ ಚಪ್ಪಲಿಯ ಹತ್ತಿರ ನಿಂತವು.

ಈಗ ಹೇಳಲು ನಾಚಿಕೆಯಾಗುವ ಮಾತು. ಆಗಿನ್ನೂ ಒಂದೂವರೆ ನಿಮಿಷದ ದೃಶ್ಯ ಬಾಕಿ ಇತ್ತು ಮತ್ತು ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ನಿಲ್ಲಿಸಿದ್ದರೆ ಅವಳು ಉಳಿಯುತ್ತಿದ್ದಳೇನೋ. ಆದರೆ ನಡುವೆ ನಿಲ್ಲಿಸಿದರೆ ಅದು ‘ಪೂರ್ತಿಯಾಗಿ’ ಆಗುವುದಿಲ್ಲ, ಕಲಾಪ ರದ್ದಾಗಿ ಪಾಪ ಅವಳು ಇನ್ನೊಂದು ದಿನ ಇದನ್ನೆಲ್ಲ ಮತ್ತೆ ನೋಡಬೇಕಾಗುತ್ತದೆ ಎಂದುಕೊಂಡೆ. ಹೌದು ಅಜ್ಜಿ, ಹೆಂಗಸೊಬ್ಬಳು ಕಣ್ಣೆದುರೇ ಸಾಯುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ಇದು. ಪರದೆಯ ಮೇಲೆ ಅವಳು ಕೊನೆಯವರೆಗೂ ನಕ್ಕಳು. ಅದು ಮುಗಿದು ಪರದೆ ಕಪ್ಪಾದಾಗ ಜನ ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೈಯಲ್ಲಿದ್ದುದನ್ನು ಕೆಳಗಿಟ್ಟರು.

ವಿಚಾರಣೆ ನಡೆಯಿತು. ಶಿರಸ್ತೇದಾರರು ನಿಯಮದಂತೆ ನಡೆದುಕೊಂಡಿದ್ದಾರೆ ಎಂದು ವರದಿಯಲ್ಲಿ ನನ್ನನ್ನು ಹೊಗಳಿದ್ದಾರೆ. ಜೈಲಿಗೆ ಹೋಗಿ ಬಸವಂತಪ್ಪನನ್ನು ನೋಡಿದೆ. “ಅದು ಸುಳ್ಳು ಅಂತ ನನಗ ಗೊತ್ತಿತ್ತ್ರಿ. ಗೊತ್ತಿದ್ದೂ ಕೈ ಹೋತ್ರಿ” ಎಂದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ನಿಮ್ಮ ಮೇಲೆ ಬಂತು. ನಿಮ್ಮ ಭಾವಚಿತ್ರ ನಮ್ಮ ಕಚೇರಿಯಲ್ಲಿದೆ. ಆ ದಿನದಿಂದ ಅದರ ಕಡೆ ತಲೆಯೆತ್ತಿ ನೋಡಿಲ್ಲ. ಸಾಲನ್ನು ತೆಗೆಯಿರಿ ಎಂದು ಮೇಲಿನವರಿಗೆ ಅರ್ಜಿ ಹಾಕಿದೆ. ನಮ್ಮಲ್ಲಿ ಹಳೆಯ ಕಾನೂನುಗಳಿಗೆ ಎಂಥ ಮರ್ಯಾದೆ ಎಂದರೆ, ಬರೆದವರ ಕೈಯಿಂದಲ್ಲದೆ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಬರೆದವರು ಸತ್ತು ನೂರು ವರ್ಷ ದಾಟಿದೆ ಎಂದೆ. ಹಾಗಿದ್ದರೆ ಬದಲಿಸುವ ಪ್ರಶ್ನೆಯೇ ಇಲ್ಲ ಎಂದು ಉತ್ತರ ಬಂತು. ಅದಕ್ಕೇ ನಿಮ್ಮ ಕಾಲು ಹಿಡಿಯುತ್ತಿದ್ದೇನೆ.

ಬರುವ ಸೋಮವಾರ ರುದ್ರಾಂಬೆ ಎಂಬ ಶಾಲಾ ಶಿಕ್ಷಕಿಯ ಪ್ರದರ್ಶನವಿದೆ. ಇಪ್ಪತ್ತಮೂರು ವರ್ಷ. ದಾಟಿಸಿದವರು ಏಳುನೂರು ಮಂದಿ, ಅವರಲ್ಲಿ ಅವಳ ಅಣ್ಣಂದಿರೂ ಇದ್ದಾರೆ. ಆ ದೃಶ್ಯ ಎಂಥದು ಎಂದು ನಾನು ಬರೆಯುವುದಿಲ್ಲ. ನೀವು ಆ ಸಾಲನ್ನು ತೆಗೆದು, ನೊಂದವರು ತಾವೇ ಬೇಕೆಂದು ಕೇಳಿದರೆ ಮಾತ್ರ ತೋರಿಸತಕ್ಕದ್ದು ಎಂದು ಬರೆದರೆ ಸಾಕು. ಫಕೀರವ್ವನೂ ಬದುಕಿರುತ್ತಾಳೆ, ಈ ಹುಡುಗಿಯೂ ಬದುಕುತ್ತಾಳೆ.

ನಿಮ್ಮಿಂದ ಆಗದಿದ್ದರೆ, ಸೋಮವಾರ ಹನ್ನೊಂದು ಗಂಟೆಗೆ ರುದ್ರಾಂಬೆ ಬಂದು ನನ್ನೆದುರು ನಿಂತು ಬೇಡ ಎನ್ನುತ್ತಾಳೆ. ನಾನು ಗುಂಡಿ ಒತ್ತುವುದಿಲ್ಲ ಎಂದು ಇಲ್ಲಿ ಬರೆದುಕೊಡಬೇಕೆಂದು ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಆಗಲಿಲ್ಲ. ಮೂವತ್ತೊಂದು ವರ್ಷ ಒಂದೇ ಒಂದು ನಿಯಮ ಮೀರದ ಕೈ ಇದು. ಇದನ್ನು ನಂಬಬೇಡಿ ಅಜ್ಜಿ, ನೀವೇ ಹೊಡೆದುಹಾಕಿ.

ನಿಮ್ಮ,
ಚನ್ನವೀರ