ಸತ್ತ ರಾಜನಿಗೆ ಒನ್ಸ್ ಮೋರ್

ಲಕ್ಷ್ಮೀಪುರಂ, ಮೈಸೂರು
೧೯೩೮

ಅಂತೋಣಿ,

ಈಗಷ್ಟೇ ಟಾಕಿ ಉತ್ಸವದಿಂದ ಬಂದೆ. ನಾಟಕಕ್ಕೂ ಟಾಕಿಗೂ ಬರೆದು ಹೆಸರು ಮಾಡಿದವನೆಂದು ನನ್ನನ್ನು ವೇದಿಕೆ ಹತ್ತಿಸಿದ್ದರು. "ಎರಡಕ್ಕೂ ಏನ್ ಸ್ವಾಮಿ ವ್ಯತ್ಯಾಸ?" ಎಂದು ಒಬ್ಬರು ಕೇಳಿದರು. "ನಾಟಕದಲ್ಲಿ ಸತ್ತವನು ಒನ್ಸ್ ಮೋರ್ ಅಂದರೆ ಎದ್ದು ಹಾಡುತ್ತಾನೆ. ಟಾಕಿಯಲ್ಲಿ ಸತ್ತವನು ಸತ್ತೇ ಇರುತ್ತಾನೆ. ಅದಕ್ಕೇ ನನಗೆ ಟಾಕಿ ಇಷ್ಟ" ಎಂದೆ.

ನಮ್ಮ ಜಗಳವೂ ಇದೇ ತಾನೆ? ನೀನು ರಂಗದ ಮೇಲೆ ಆಡುವ ರಾಜನನ್ನು ನಾನು ಎಷ್ಟು ಕಷ್ಟಪಟ್ಟು ಬರೆದು ಕೊಂದರೂ, ಜನ ಕೂಗಿದರೆ ನೀನು ಮೈ ಕೊಡವಿಕೊಂಡು ಏಳುತ್ತಿದ್ದೆ. "ಜನ ಕರೆದ್ರೆ ಮಲಗಿರೋಕಾಯ್ತದೇನೋ ಚೆಲುವಯ್ಯ? ಎದ್ಬುಡ್ಬೇಕು ಕಣೋ" ಅನ್ನುತ್ತಿದ್ದೆ. ಅದೇ ನಾಟಕ ಟಾಕಿಯಾದಾಗ ಗೆದ್ದವನು ನಾನು ಎಂದುಕೊಂಡೆ. ನೀನು ಮಾತು ಬಿಟ್ಟೆ. ನೀನು ತೀರಿಕೊಂಡ ಮೇಲಂತೂ ಆ ಚಿತ್ರ ನೋಡುವ ಧೈರ್ಯ ನನಗೆ ಬರಲಿಲ್ಲ.

ಇವತ್ತು ನನ್ನ ಭಾಷಣ ಮುಗಿದದ್ದೇ ತಡ, ಆ ಚಿತ್ರದ ಕೊನೆಯ ರೀಲು ಹಾಕಿದರು. ತೆರೆಯ ಮೇಲೆ ನೀನು ಹಾಡಿದೆ, ಸತ್ತೆ. ಹಿಂದಿನ ಬೆಂಚಿನಿಂದ ಯಾರೋ "ಒನ್ಸ್ ಮೋರ್!" ಎಂದು ಕೂಗಿದರು. ಸಭೆಯೆಲ್ಲ ನನ್ನ ಮುಖ ನೋಡಿ ನಕ್ಕಿತು. ಯಂತ್ರ ನಡೆಸುವವನು ಏನು ಮಾಡಿದ ಗೊತ್ತೇ? ದೀಪ ಹಾಕಿ, ರೀಲನ್ನು ಹಿಂದಕ್ಕೆ ಸುತ್ತಿ, ಮತ್ತೆ ಬಿಟ್ಟ. ಅದೇ ಓರೆ ಕಿರೀಟದಲ್ಲಿ ನಿಂತು ನೀನು ಮತ್ತೆ ಹಾಡಿದೆ.

ನನ್ನ ಎದೆ ಎಷ್ಟು ಹಗುರಾಯಿತೋ ಹೇಳಲಾರೆ.

ನೀನು ಎರಡನೆಯ ಸಲ ಸತ್ತಾಗ ಯಾರೂ ಕೂಗಲಿಲ್ಲ. ಅವರಿಗೆ ಸಾಕಾಗಿತ್ತೇನೋ. ಆಗ ನಾನು ಕೂಗಿದೆ ಕಣೋ, ಗಂಟಲು ಹರಿಯುವ ಹಾಗೆ.

ನೀನು ಎದ್ದೆ.