ಪರದೆ ತೆಗೆದ ಮೇಲೆ

ಮಾರ್ಚ್ 3, ಸೋಮವಾರ

ಇವತ್ತು ರಿಹರ್ಸಲ್‌ಗೆ ಹೋದರೆ, ಡ್ರಮ್ಸ್ ಮುಂದೆ ಸದ್ದು ತಡೆಯಲು ನಿಲ್ಲಿಸಿದ್ದ ಪ್ಲಾಸ್ಟಿಕ್ ಪರದೆ ತೆಗೆದಿದ್ದಾರೆ. ಹೇಳಿದ್ದು ಸ್ಟೇಜ್ ಮ್ಯಾನೇಜರ್. ಅದರ ಮೇಲೆ ಲೈಟು ಬಿದ್ದು ಕ್ಯಾಮೆರಾದಲ್ಲಿ ಹೊಳೆಯುತ್ತದಂತೆ. ಬಾರಿಸುವವನು ನನ್ನ ತಮ್ಮ. ಅವನ ಸಿಂಬಲ್ ತಟ್ಟೆಗಳಿಗೂ ನನ್ನ ಎಡಗಿವಿಗೂ ನಡುವೆ ಈಗ ಬರೀ ಗಾಳಿ.

ನಮ್ಮ ಆರ್ಕೆಸ್ಟ್ರಾ, ತಮ್ಮನ ರಾಕ್ ಬ್ಯಾಂಡ್ ಒಂದೇ ವೇದಿಕೆಯಲ್ಲಿ — ನಮ್ಮನ್ನು ನಡೆಸುವ ಕಂಡಕ್ಟರ್ ಕಿವಿಗೆ ಇದನ್ನು ಹಾಕಿದ್ದು ನಾನೇ. ಬಾರ್‌ಗಳಲ್ಲಿ ಬಾರಿಸಿಕೊಂಡಿದ್ದ ತಮ್ಮನಿಗೆ ಮೊದಲ ದೊಡ್ಡ ಸಭಾಂಗಣ. ಈಗ ಪರದೆ ಬೇಕೆಂದು ಹಟ ಹಿಡಿದರೆ ಅವನ ಅನ್ನಕ್ಕೆ ಕಲ್ಲು ಹಾಕಿದಂತೆ. ಸುಮ್ಮನಾದೆ.

ಮಾರ್ಚ್ 4, ಮಧ್ಯಾಹ್ನ

ಎಡಗಿವಿಯಲ್ಲಿ ಸಿಳ್ಳೆ. ನಿನ್ನೆಯಿಂದ ನಿಂತಿಲ್ಲ. ಹತ್ತಿ ಇಟ್ಟುಕೊಂಡರೆ ನಾನು ಊದುವ ಓಬೊ ನನಗೇ ಕೇಳಿಸದು...

ಅಮ್ಮನ ಮನೆಯಲ್ಲಿ ಊಟ. ಅಮ್ಮ ತಮ್ಮನ ಎಡಕ್ಕೆ ನಿಂತು ಕರೆದೇ ಕರೆದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನೋಡೇ, ಇವನ ಜಾಣಕಿವುಡು! ಪಾತ್ರೆ ತೊಳಿಯೋ ಅಂದ್ರೆ ಕೇಳ್ಸಲ್ಲ, ಊಟಕ್ಕೆ ಬಾ ಅಂದ್ರೆ ಮಾತ್ರ ಕೇಳ್ಸುತ್ತೆ."

ನಕ್ಕೆವು.

ಮಾರ್ಚ್ 9, ಭಾನುವಾರ

ಒಂದೇ ಸ್ವರ. ಬಲಗಿವಿಗೆ ಒಂದು, ಎಡಗಿವಿಗೆ ತುಸು ಬೇರೆ. ಯಾವುದು ಸರಿ?

ಇಡೀ ಆರ್ಕೆಸ್ಟ್ರಾ ಶ್ರುತಿ ಮಾಡಿಕೊಳ್ಳುವುದು ಓಬೊ ಕೊಡುವ ಸ್ವರಕ್ಕೆ. ಕೊಟ್ಟೆ. ಬ್ಯಾಂಡಿನ ಗಿಟಾರಿಸ್ಟ್ ಶ್ರುತಿ ತೋರಿಸುವ ತನ್ನ ಟ್ಯೂನರ್ ನೋಡಿ ಕೈ ಎತ್ತಿದ.

"ಮೇಡಂ, ಸ್ವಲ್ಪ ಮೇಲಿದೆ ಅನ್ಸುತ್ತೆ."

"ನೀನು ಹುಟ್ಟೋಕೆ ಮುಂಚಿಂದ ಶ್ರುತಿ ಕೊಡ್ತಿದಾರೆ ಕಣಯ್ಯ ಅವ್ರು," ಎಂದರು ಕಂಡಕ್ಟರ್. "ನಿನ್ನ ಡಬ್ಬಿ ಬ್ಯಾಟರಿ ನೋಡು, ಹೋಗು."

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನನ್ನ ಸ್ವರಕ್ಕೇ ಬಂದರು — ಪಿಟೀಲು, ಚೆಲ್ಲೊ, ಕಹಳೆ. ಕೊನೆಗೆ ಅವನ ಗಿಟಾರೂ.

ಯಾರೂ ಅನುಮಾನಪಡಲಿಲ್ಲ. ಅದೇ ಭಯ.

ಮಾರ್ಚ್ 10

ತಮ್ಮನಿಗೆ ಹೇಳಿಬಿಟ್ಟೆ. ಸಭಾಂಗಣದ ಹಿಂಬಾಗಿಲಲ್ಲಿ, ಪೆಟ್ಟಿಗೆಗಳ ನಡುವೆ. ಅವನು ಮಗ್ಗುಲು ಬದಲಿಸಿ, ಬಲಗಿವಿ ನನ್ನ ಕಡೆಗೆ ಮಾಡಿ ನಿಂತ.

"ಸಿಳ್ಳೆನಾ, ಅಕ್ಕ?"

"ಹೂಂ. ಎಡಗಡೆ."

"ನಿಲ್ಲುತ್ತೆ ಬಿಡು. ನಿಂತ ಮೇಲೆ ಆ ಕಡೆ ಏನೂ ಕೇಳ್ಸಲ್ಲ. ನಂದು ಹೋಗಿ ಮೂರು ವರ್ಷ ಆಯ್ತು."

ನಾನು ಅವನ ಎಡಗಿವಿಯನ್ನೇ ನೋಡಿದೆ.

"ಅಮ್ಮಂಗೆ ಹೇಳ್ಬೇಡ. ಜಾಣಕಿವುಡು ಅಂತ ಬೈಕೊಂಡು ಆರಾಮಾಗಿದಾಳೆ." ನಕ್ಕ. ನಂತರ ನಗಲಿಲ್ಲ. "ನಾಳೆ ಶೋ, ಒಂದೇ ಒಂದು ಸಂಜೆ, ಅಕ್ಕ. ನೀನು ಕೂತ್ಕೊಳಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಆಮೇಲೆ ನನ್ನ ಕಿವಿ ವಿಷಯಕ್ಕೂ ಬರ್ತಾರೆ."

ಮಾರ್ಚ್ 11, ಸಂಜೆ 4

ಬೆಳಿಗ್ಗೆಯಿಂದ ಸಿಳ್ಳೆ ಇಲ್ಲ. ಎಡಗಡೆ ತುಂಬಾ ನಿಶ್ಶಬ್ದ. ಗಡಿಯಾರವನ್ನು ಆ ಕಿವಿಗೆ ಹಿಡಿದು ನೋಡಿದೆ. ಮತ್ತೆ ನೋಡಲಿಲ್ಲ.

ಕಿವಿ ಡಾಕ್ಟರ್ ಬರಹೇಳಿರುವುದು ಗುರುವಾರ. ಪರದೆ ಇವತ್ತೂ ಇಲ್ಲ — ಸ್ಟೇಜ್ ಮ್ಯಾನೇಜರ್ ಫೋನ್ ಮಾಡಿದ್ದರು. ಟಿಕೆಟ್ ಎಲ್ಲ ಹೋಗಿದೆಯಂತೆ. ಏಳಕ್ಕೆ ಶುರು. ಮೊದಲ ಸ್ವರ ನನ್ನದು.