ನಿಲ್ಲದ ಗಾಡಿಯ ಫೋಟೋ

ಚನ್ನಗಿರಿ
೨-೩-೧೯೮೪, ಶುಕ್ರವಾರ

ಪ್ರೀತಿಯ ಮಗ ಜುಂಜಪ್ಪನಿಗೆ ನಿನ್ನ ಅವ್ವನ ಆಶೀರ್ವಾದ.

ಭುಜದ ನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಗ್ಯಾರೇಜಿನ ಗ್ರೀಸೇ ಸಾಕು ಅಂತ ಬಿಟ್ಟಿದ್ದೀಯೋ? ಎರಡು ಹೊತ್ತೂ ಮಂಡಕ್ಕಿ ಮೆಣಸಿನಕಾಯಿ ತಿಂದು, ಊಟ ಚೆನ್ನಾಗಿದೆ ಅಂತ ಬರೆಯಬೇಡ. ದಾವಣಗೆರೆಯಿಂದ ಬಂದವರು ನನಗೆ ಎಲ್ಲ ಹೇಳುತ್ತಾರೆ. ಇಲ್ಲಿ ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಅದೂ ಸ್ಟುಡಿಯೋ ಮೆಟ್ಟಿಲು ಹತ್ತುವಾಗ ಮಾತ್ರ. ಚಹಾದಂಗಡಿಗೆ ಹೋಗುವಾಗ ಎಲ್ಲಿ ಮಾಯವಾಗುತ್ತದೋ ಗೊತ್ತಿಲ್ಲ. ಈಗ ಪರೀಕ್ಷೆಯ ಕಾಲವಾದ್ದರಿಂದ ತಲೆಗೆ ನೀರು ಹಾಕಿ ಬಾಚಿಕೊಂಡ ಮಕ್ಕಳು ದಿನವಿಡೀ ಫೋಟೋಕ್ಕೆ ಬರುತ್ತಿದ್ದಾರೆ.

ನಿನ್ನ ಕಾಗದ ಸೇರಿತು. ಜಗಳೂರಿನ ಬೈಕ್ ರೇಸಿಗೆ ಬರಬೇಡ, ನೀನು ಬಂದರೆ ನಾನು ಗಾಡಿಯನ್ನೇ ಹತ್ತುವುದಿಲ್ಲ ಎಂದು ಬರೆದಿದ್ದೀಯ. ಹೊನ್ನಾಳಿಯದು ಇನ್ನೂ ನಿನ್ನ ಮನಸ್ಸಿನಲ್ಲಿ ಕೂತಿದೆ. ನೀನು ಬಿದ್ದೆ, ನಾನು ಹಗ್ಗದ ಕೆಳಗೆ ನುಗ್ಗಿ ಓಡಿ ಬಂದೆ, ಹಿಂದೆ ಬರುತ್ತಿದ್ದವರು ನನ್ನನ್ನು ತಪ್ಪಿಸಲು ಹೋಗಿ ಒಬ್ಬರ ಮೇಲೊಬ್ಬರು ಬಿದ್ದರು, ರೇಸೇ ನಿಂತುಹೋಯಿತು. ಗೆಳೆಯರ ಎದುರಿಗೆ ನಿನಗೆ ಅವಮಾನವಾಯಿತು, ನಿಜ. ಆದರೆ ಹೆತ್ತ ಮಗ ಮಣ್ಣಲ್ಲಿ ಬಿದ್ದಿರುವಾಗ ಹಗ್ಗ ಎಲ್ಲಿ ಕಟ್ಟಿದ್ದಾರೆ ಎಂದು ಯಾರು ನೋಡುತ್ತಾರೆ? ಈಗ ಕ್ಲಬ್ಬಿನವರು, ಓಡಿಸುವವರ ಮನೆಯವರನ್ನು ಬಯಲಿನ ಹತ್ತಿರವೇ ಬಿಡುವುದಿಲ್ಲ ಎಂದು ನಿಯಮ ಮಾಡಿದ್ದಾರೆ. ಮಾಡಿಕೊಳ್ಳಲಿ. ಈಗ ಶುರುವಾಗಿರಬೇಕು, ಈಗ ಮುಗಿದಿರಬೇಕು ಎಂದು ಗೋಡೆ ನೋಡುತ್ತ ಮನೆಯಲ್ಲಿ ಕೂರುವುದು ನನ್ನಿಂದಾಗದು. ನನಗೆ ಹೆದರಿಕೆ, ಮಗಾ. ನೀನು ಕಣ್ಣೆದುರಿಗಿದ್ದರೆ ತಡೆದುಕೊಳ್ಳಬಹುದಾದ ಹೆದರಿಕೆ, ಕಾಣದಿದ್ದರೆ ತಡೆಯಲಾಗದ್ದು. ಹಗ್ಗದ ಒಳಗೆ ನಿಲ್ಲಲು ಬಿಡುವುದು ಫೋಟೋ ತೆಗೆಯುವವರನ್ನು ಮಾತ್ರ. ಆದ್ದರಿಂದ ನಾನು ಓಡುವ ಗಾಡಿಯ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದೇನೆ.

ನಗಬೇಡ. ಕತ್ತಲೆ ಕೋಣೆಯಲ್ಲಿ ರೋಲು ತೊಳೆದು ತೊಳೆದು ಬೆರಳು ಹಳದಿಯಾದವಳು ನಾನು. ಆದರೆ ಬಟನ್ ಒತ್ತುವ ಕೆಲಸ ಯಾವತ್ತೂ ನಿಮ್ಮಪ್ಪನದು, ಅವರೋ ಜೀವಮಾನವೆಲ್ಲ ಜನರಿಗೆ ಅಲ್ಲಾಡಬೇಡಿ ಎಂದು ಹೇಳಿಕೊಂಡೇ ಬಂದವರು. ಕೇಳಿದ್ದಕ್ಕೆ, "ನಿಂತೋರ್ನ ನೆಟ್ಟಗೆ ತೆಗಿಯಾಕೆ ನಂಗೆ ಇಷ್ಟು ವರ್ಷ ಬೇಕಾತು. ಓಡೋರ್ನ ಹೆಂಗ್ ತೆಗೀತಾರೋ, ಅವರ್ನೇ ಕೇಳು" ಎಂದರು. ನಮ್ಮ ಯಾಶಿಕಾ ಕ್ಯಾಮೆರಾ ನಿನಗೆ ಗೊತ್ತಲ್ಲ, ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ಗಾಜಿನಲ್ಲಿ ನೋಡಬೇಕು. ಆ ಗಾಜಿನಲ್ಲಿ ಎಡ ಬಲವಾಗಿ ಕಾಣುತ್ತದೆ, ಬಲ ಎಡವಾಗಿ. ಮದುಮಕ್ಕಳು ನಿಂತಿದ್ದರೆ ಅದರಿಂದೇನೂ ತೊಂದರೆಯಿಲ್ಲ. ಗಾಡಿ ಬಂದರೆ ಅದು ಒಂದು ಕಡೆಗೆ, ನನ್ನ ಕೈ ಇನ್ನೊಂದು ಕಡೆಗೆ.

ರೋಲು ಹಾಕದೆ ಬರೀ ಕ್ಯಾಮೆರಾ ಹಿಡಿದು ನಲ್ಲೂರು ರಸ್ತೆಯಲ್ಲಿ ಅಭ್ಯಾಸಕ್ಕೆ ನಿಂತೆ. ಅಲ್ಲಿ ಇನ್ನೊಂದು ಫಜೀತಿ. ನಮ್ಮ ಕಡೆ ರಸ್ತೆಬದಿಯಲ್ಲಿ ಒಬ್ಬ ಹೆಂಗಸು ನಿಂತರೆ ಯಾವ ಗಾಡಿ ತಾನೇ ಮುಂದೆ ಹೋಗುತ್ತದೆ? ಬೆಳಗಿನ ಬಸ್ಸಿನ ಡ್ರೈವರ್ ದುರುಗಪ್ಪ ದೂರದಿಂದಲೇ ನನ್ನನ್ನು ಕಂಡು ನಿಧಾನ ಮಾಡಿ ಸರಿಯಾಗಿ ನನ್ನ ಮುಂದೆಯೇ ನಿಲ್ಲಿಸಿದ. ಹತ್ತುವುದಿಲ್ಲ ಎಂದೆ. ಮಾರನೇ ದಿನವೂ ನಿಲ್ಲಿಸಿದ. ಎತ್ತಿನಗಾಡಿಯವರು ನಿಲ್ಲಿಸಿ ಯಾರು ಬೇಕಿತ್ತು ಎಂದು ಕೇಳಿದರು. ಸೈಕಲ್ಲಿನವನೊಬ್ಬ ಕ್ಯಾಮೆರಾ ಕಂಡದ್ದೇ ಕೆಳಗಿಳಿದು, ಕ್ರಾಪು ತೀಡಿಕೊಂಡು, ಸೈಕಲ್ಲಿಗೆ ಒರಗಿ ನಿಂತ. ಕಡೆಗೆ ದುರುಗಪ್ಪನಿಗೆ ಬೈದೆ. ಅವನು ಅಂದ, "ನಿಲ್ಸದಿದ್ರೆ ಎಲ್ಲಾರೂ ಬೈತಾರೆ, ನಿಲ್ಸಿದ್ರೆ ಬೈಯೋಳು ನೀನೊಬ್ಬಳೇ ನೋಡಕ್ಕ. ಆತು, ನಾಳೆಯಿಂದ ಜೋರಾಗೇ ಹೋಗ್ತೀನಿ." ಆದರೂ ಒಳಗಿದ್ದವರು ಬಿಡುತ್ತಾರೆಯೇ? ಹೆಣ್ಮಗಳು ನಿಂತಾಳೆ ನಿಲ್ಸಪ್ಪಾ ಎಂದು ಎಲ್ಲರೂ ಕೂಗಿಕೊಳ್ಳುವುದು, ಅವನು ಹಾರ್ನ್ ಹೊಡೆದುಕೊಂಡು ಹೋಗುವುದು, ಒಂದು ವಾರ ಇದೇ ನಡೆಯಿತು. ಆ ಒಂದು ವಾರದಲ್ಲಿ ನನ್ನ ಸೊಂಟ ಬಸ್ಸಿನ ಜೊತೆ ತಿರುಗುವುದನ್ನು ಕಲಿಯಿತು.

ಗಾಜಿನ ಮೇಲಿನ ಮುಚ್ಚಳದಲ್ಲಿ ಚೌಕದ ಒಂದು ಸಣ್ಣ ಕಿಂಡಿ ಇದೆ. ಅದನ್ನು ಬಿಚ್ಚಿ ಕಣ್ಣಿಗೆ ಹಿಡಿದರೆ ಎಡ ಎಡವಾಗಿಯೇ ಕಾಣುತ್ತದೆ. ನಿಮ್ಮಪ್ಪ ಮುರಿದೀತು ಎಂದು ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ನಾನು ಬಿಚ್ಚಿದೆ, ಮುರಿಯಲಿಲ್ಲ. ಆದರೆ ಗಾಜಿನಲ್ಲಿ ನೋಡುವಾಗ ನನ್ನ ತಲೆ ಬಗ್ಗಿರುತ್ತಿತ್ತು. ಕಿಂಡಿಯಲ್ಲಾದರೆ ಮೇಲೆ ಬರುತ್ತಿರುವುದನ್ನು ತಲೆಯೆತ್ತಿ ನೆಟ್ಟಗೆ ನೋಡಬೇಕು.

ಹೋದ ಭಾನುವಾರ ಬಿಳಿಚೋಡಿನ ಒಣಗಿದ ಕೆರೆಯಂಗಳದಲ್ಲಿ ಹೊಸ ಹುಡುಗರ ಓಟವಿತ್ತು. ನೀನಿಲ್ಲದ ಕಾರಣ ಕ್ಲಬ್ಬಿನ ಕಾರ್ಯದರ್ಶಿ ಜಯಪ್ಪನವರು ನನ್ನನ್ನು ಒಳಗೆ ಬಿಟ್ಟರು. ಮೊದಲನೇ ರೋಲು ಪೂರ್ತಿ ಹಾಳು. ಮನೆಗೆ ಬಂದು ತೊಳೆದು ನೋಡಿದರೆ ಬರೀ ಧೂಳು, ಒಂದರಲ್ಲಿ ಅರ್ಧ ಚಕ್ರ, ಇನ್ನೊಂದರಲ್ಲಿ ಗಾಡಿಗೆ ಬೆನ್ನು ಹಾಕಿ ನನ್ನ ಕಡೆ ನೋಡಿ ನಗುತ್ತಿರುವ ಊರಿನವರು. ಯಾಕೆ ಹೀಗಾಯಿತು ಎಂದು ನನಗೆ ಅಲ್ಲಿಯೇ ಗೊತ್ತಾಗಿತ್ತು. ಗಾಡಿ ಹತ್ತಿರ ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ಹೆಲ್ಮೆಟ್ ಹಾಕಿಕೊಂಡ ಮೇಲೆ ಎಲ್ಲರೂ ನೀನೇ.

ಎರಡನೇ ರೋಲು ಹಾಕಿ, ಇವತ್ತು ಕಣ್ಣು ಉರಿದು ಹೋದರೂ ಸರಿ ಎಂದುಕೊಂಡು ನಿಂತೆ. ಒಬ್ಬ ಹುಡುಗ ತಿರುವಿನಲ್ಲಿ ಜಾರಿ ಬಿದ್ದ. ನನ್ನ ಕಾಲು ಹೊರಟೇಬಿಟ್ಟಿತು, ಹೇಗೋ ತಡೆದೆ. ನಾನು ನೋಡುತ್ತಿದ್ದ ಹಾಗೆಯೇ ಅವನು ಎದ್ದ, ಪ್ಯಾಂಟು ಕೊಡವಿಕೊಂಡ, ಗಾಡಿ ಎತ್ತಿ ಒದ್ದು ಶುರುಮಾಡಿಕೊಂಡು ಹೋದ. ಬಿದ್ದವರು ತಾವಾಗಿಯೇ ಏಳುವುದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ. ಏಳುವುದಕ್ಕೆ ಬಿಟ್ಟಿದ್ದರೆ ತಾನೇ? ಮುಂದಿನ ಸುತ್ತಿಗೆ ಅವನನ್ನೇ ದೂರದಿಂದ ಹಿಡಿದೆ, ಅವನ ಜೊತೆಗೇ ತಿರುಗಿದೆ, ಬಟನ್ ಒತ್ತಿದ ಮೇಲೂ ತಿರುಗುತ್ತಲೇ ಇದ್ದೆ. ಆ ಫೋಟೋವನ್ನು ನಿಮ್ಮಪ್ಪ ದೀಪದ ಕೆಳಗೆ ಬಹಳ ಹೊತ್ತು ನೋಡಿ, "ಅಲ್ಲಾಡೈತಲ್ಲೇ" ಎಂದರು. "ಹಿಂದಿನ ಗಿಡ ಅಲ್ಲಾಡೈತೆ. ಹುಡುಗನ್ನ ನೋಡ್ರಿ" ಎಂದೆ. ಅವನ ತುಟಿ ಕಚ್ಚಿದ್ದು ಕೂಡ ಕಾಣುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಆ ಫೋಟೋವನ್ನು ಜಯಪ್ಪನವರಿಗೆ ಕಳಿಸಿ, ಜಗಳೂರಿನಲ್ಲೂ ನಿಲ್ಲುತ್ತೇನೆ ಎಂದು ಕೇಳಿದ್ದೇನೆ. ನಿನ್ನ ಅವ್ವ ಎಂಬುದನ್ನು ಮುಚ್ಚಿಟ್ಟಿಲ್ಲ, ಮುಚ್ಚಿಡಲು ಹೊನ್ನಾಳಿಯಲ್ಲಿ ನನ್ನನ್ನು ನೋಡದವರು ಯಾರಿದ್ದಾರೆ? ಇನ್ನೂ ಉತ್ತರ ಬಂದಿಲ್ಲ. ಬಾರದಿದ್ದರೆ ನಾನೇ ಹೋಗಿ ಕೇಳುತ್ತೇನೆ.

ಹೊತ್ತು ಹೊತ್ತಿಗೆ ಉಣ್ಣು. ಗ್ಯಾರೇಜಿನ ಯಜಮಾನರಿಗೆ ನಮ್ಮ ನಮಸ್ಕಾರ ಹೇಳು. ಅಂತರಘಟ್ಟಮ್ಮ ತಾಯಿ ನಿನ್ನನ್ನೂ ನಿನ್ನ ಗಾಡಿಯನ್ನೂ ಕಾಯಲಿ.

ಇಂತಿ ನಿನ್ನ ಅವ್ವ,
ಸಾವಂತ್ರಮ್ಮ

ಮತ್ತೆ: ಕವರು ಅಂಟಿಸುವಷ್ಟರಲ್ಲಿ ದುರುಗಪ್ಪ ಬಸ್ಸು ನಿಲ್ಲಿಸಿ ಒಂದು ಪೊಟ್ಟಣ ಕೊಟ್ಟುಹೋದ. ಜಯಪ್ಪನವರು ತೋಳಿಗೆ ಕಟ್ಟುವ ಕೆಂಪು ಪಟ್ಟಿ ಕಳಿಸಿದ್ದಾರೆ. ಎರಡನೇ ತಿರುವಿನಲ್ಲಿ ನಿಲ್ಲಬೇಕು, ಯಾರೇ ಬಿದ್ದರೂ ಸುಣ್ಣದ ಗೆರೆ ದಾಟಬಾರದು ಎಂದು ಷರತ್ತು. ನಾನು ಒಪ್ಪಿಕೊಂಡಿದ್ದೇನೆ. ಆದ್ದರಿಂದ ನೀನು ಗಾಡಿ ಹತ್ತಲೇಬೇಕು. ನನ್ನ ಕಡೆ ನೋಡಬೇಡ, ದಾರಿ ನೋಡು. ಬಿದ್ದರೆ ಮೊದಲು ಬಟನ್ ಒತ್ತುತ್ತೇನೆ, ನೀನು ಏಳುವವರೆಗೂ ಗೆರೆಯ ಈಚೆಗೇ ನಿಂತಿರುತ್ತೇನೆ. ಅಳುವುದೇನಿದ್ದರೂ ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ರೋಲು ತೊಳೆಯುವಾಗ ಅಳುತ್ತೇನೆ, ಆಗ ಯಾರೂ ಬಾಗಿಲು ತೆಗೆಯುವ ಹಾಗಿಲ್ಲ.